ಬೂಸ್ಟರ್ ಇನ್ನೂ ಬೇಕಾ? ನನಗೊಂದು ಉತ್ತರ, ನಮ್ಮ ಅವ್ವನಿಗೆ ಇನ್ನೊಂದು

ಬೆಳಗಾವಿಯ ಶಹಾಪುರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಟಿವಿಯಲ್ಲಿ ಕೋವಿಡ್ ಸುದ್ದಿ ಬಂದರೆ ಸಾಕು, ಸಂಜೆಯಷ್ಟರಲ್ಲಿ ಕೌಂಟರ್ ಮುಂದೆ ಒಂದೇ ಪ್ರಶ್ನೆ: "ಅಣ್ಣಾರ, ಬೂಸ್ಟರ್ ಮತ್ತ ಹಾಕಿಸ್ಕೋಬೇಕೇನ್ರಿ?" 2023ರ ಡಿಸೆಂಬರ್‌ನಲ್ಲಿ ಕೇರಳದಿಂದ ಜೆಎನ್.1 ತಳಿಯ ಸುದ್ದಿ ಬಂದಾಗ ಕೇಳಿದರು. 2025ರ ಜೂನ್‌ನಲ್ಲಿ ದೇಶದ ಸಕ್ರಿಯ ಪ್ರಕರಣಗಳು 7,000 ದಾಟಿದಾಗ ಮತ್ತೆ ಕೇಳಿದರು. ಮುಂದಿನ ಸಲ ಸುದ್ದಿ ಬಂದಾಗಲೂ ಕೇಳುತ್ತಾರೆ. ಹಿಂದೆ ನಾಲ್ಕು ಜನ ಚೀಟಿ ಹಿಡಿದು ನಿಂತಿರುವಾಗ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಜೂನ್‌ನ ಒಂದು ಸಂಜೆ ಇಬ್ಬರು ಒಬ್ಬರ ಹಿಂದೆ ಒಬ್ಬರು ಇದೇ ಪ್ರಶ್ನೆ ಕೇಳಿದರು. ಮೊದಲನೆಯವನು ಇಪ್ಪತ್ತು ವರ್ಷದ ಕಾಲೇಜು ಹುಡುಗ. ಕ್ರಿಕೆಟ್ ಆಡುವಾಗ ಕಾಲು ಉಳುಕಿಸಿಕೊಂಡು ಕ್ರೇಪ್ ಬ್ಯಾಂಡೇಜ್ ತಗೊಳ್ಳಲು ಬಂದಿದ್ದ. ಅವನ ಹಿಂದೆ ನಿಂತಿದ್ದವರು ಖಾಸಬಾಗದ ಒಬ್ಬ ಹೆಣ್ಣುಮಗಳು. ಅವರ ಯಜಮಾನರಿಗೆ ಕಿಡ್ನಿ ಕಸಿ ಆಗಿದೆ. ಪ್ರತಿ ತಿಂಗಳು ಟ್ಯಾಕ್ರೋಲಿಮಸ್ ಕ್ಯಾಪ್ಸೂಲ್ ನನ್ನ ಹತ್ತಿರವೇ ಒಯ್ಯುತ್ತಾರೆ. ಹಾಕಿದ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುವ ಔಷಧಿ ಅದು. ಹುಡುಗನಿಗೆ ನಾನು, "ನಿನಗೇನೂ ಅವಸರ ಇಲ್ಲ ತಮ್ಮಾ, ಎಷ್ಟು ಹಾಕಿಸಿಕೊಂಡಿದ್ದೀ ಅಷ್ಟು ಸಾಕು" ಅಂದೆ. ಆ ಹೆಣ್ಣುಮಗಳಿಗೆ, "ಅಕ್ಕಾರ, ನೀವು ಇದೇ ವಾರ ಕಿಡ್ನಿ ಡಾಕ್ಟರ್ ಹತ್ತಿರ ಹೋಗಿ ಇದೇ ಪ್ರಶ್ನೆ ಕೇಳ್ರಿ, ಮುಂದಿನ ತಾರೀಕಿನ ತನಕ ಕಾಯಬ್ಯಾಡ್ರಿ" ಅಂದೆ. ಹುಡುಗನಿಗೆ ಆಶ್ಚರ್ಯ. "ಇಬ್ರೂ ಒಂದೇ ಕೇಳಿದ್ವಿ, ನೀವು ಬ್ಯಾರೆ ಬ್ಯಾರೆ ಹೇಳಿದ್ರಿ" ಅಂದ.

ಹೌದು, ಬೇರೆ ಬೇರೆಯೇ. ನನ್ನ ಮಾತೆಲ್ಲ ಇದೇ. ಬೂಸ್ಟರ್ ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾರಿಗೆ, ಎಷ್ಟು ವಯಸ್ಸಿನವರಿಗೆ, ಮೈಯಲ್ಲಿ ಏನೇನು ಕಾಯಿಲೆ ಇದ್ದವರಿಗೆ, ಹಿಂದಿನ ಡೋಸ್ ಆಗಿ ಎಷ್ಟು ದಿನ ಆಯಿತು, ಅಂತ ಕೇಳಬೇಕು. ಒಂದೇ ಮನೆಯಲ್ಲಿ ನಾಲ್ಕು ಜನರಿಗೆ ನಾಲ್ಕು ಉತ್ತರ ಇರಬಹುದು. ನಮ್ಮ ಮನೆಯಲ್ಲಿ ಹಾಗೇ ಇದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಡಿ.ಫಾರ್ಮಾ ಓದಿದವನು, ವಯಸ್ಸು ಐವತ್ತು ದಾಟಿದೆ. ಔಷಧಿಯ ಜೊತೆಗೇ ದಿನ ಕಳೆಯುವವನು, ಹಾಗಾಗಿ ಓದುತ್ತಿರುತ್ತೇನೆ, ಕೇಳುತ್ತಿರುತ್ತೇನೆ.

ನಮ್ಮ ಊರಿಗೂ ಲಸಿಕೆಗೂ ಹಳೇ ನಂಟು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಬೆಳಗಾವಿಯವರಿಗೆಲ್ಲ ಗೊತ್ತು. ಬೆಳಿಗ್ಗೆ ವಾಕಿಂಗ್‌ಗೆ ಹೋಗುವ ಜಾಗ, ದೊಡ್ಡ ದೊಡ್ಡ ಮರ, ಆ ಕಡೆ ಹುಡುಗರ ಕ್ರಿಕೆಟ್. ಆ ಹೆಸರು ಯಾಕೆ ಬಂತು ಅಂತ ಈಗಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. ಸಿಡುಬು ನಿರ್ಮೂಲನೆಯ ಕಾಲದಲ್ಲಿ ದೇಶದಲ್ಲಿ ಆ ಲಸಿಕೆ ಮಾಡುತ್ತಿದ್ದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು. ಉಳಿದವು ಹೈದರಾಬಾದ್, ಮದ್ರಾಸಿನ ಗಿಂಡಿ ಮತ್ತು ಈಗಿನ ಉತ್ತರಾಖಂಡದ ಪಟವಾಡಾಂಗರ್. 1975ರಲ್ಲಿ ದೇಶದ ಕೊನೆಯ ಸಿಡುಬು ಪ್ರಕರಣ ಕಂಡಿತು, 1980ರಲ್ಲಿ ಇಡೀ ಜಗತ್ತೇ ಸಿಡುಬಿನಿಂದ ಬಿಡುಗಡೆ ಆಯಿತು. ಮುಂದೆ 2020ರ ಜುಲೈನಲ್ಲಿ ಕೋವ್ಯಾಕ್ಸಿನ್‌ನ ಮೊದಲ ಪ್ರಯೋಗಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಆರಿಸಿದ 12 ಆಸ್ಪತ್ರೆಗಳಲ್ಲಿ ನಮ್ಮ ಊರಿನ ಜೀವನ್ ರೇಖಾ ಕೂಡ ಇತ್ತು. 2021ರ ಜನವರಿಯಲ್ಲಿ ರಾಜ್ಯಕ್ಕೆ ಕೋವಿಶೀಲ್ಡ್‌ನ ಮೊದಲ ಕಂತು ಬಂದಾಗ ಒಂದು ಭಾಗ ಬೆಂಗಳೂರಿಗೆ ಹೋಯಿತು, 1.47 ಲಕ್ಷ ಡೋಸ್ ಬೆಳಗಾವಿಗೆ ಬಂತು. ನಮ್ಮ ಭಾಗದ ಬೇರೆ ಜಿಲ್ಲೆಗಳಿಗೂ ಇಲ್ಲಿಂದಲೇ ಹಂಚಿಕೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನನಗೆ ಲಸಿಕೆಯ ಮೇಲೆ ಗೌರವ ಇದೆ. ಅದನ್ನು ಬಚ್ಚಿಟ್ಟು ಬರೆಯುವುದಿಲ್ಲ.

ಗೌರವಕ್ಕೆ ಇನ್ನೊಂದು ಕಾರಣವೂ ಇದೆ. ಹೇಳುವುದು ಕಷ್ಟ, ಆದರೆ ಹೇಳಬೇಕು. ನಮ್ಮ ಸಂಸದರೂ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು 2020ರ ಸೆಪ್ಟೆಂಬರ್ 23ರಂದು ದೆಹಲಿಯಲ್ಲಿ ಕೋವಿಡ್‌ನಿಂದಲೇ ತೀರಿಕೊಂಡರು. ಅವರ ಜಾಗಕ್ಕೆ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆಯಿತು. ಎರಡನೇ ಅಲೆ ಏರುತ್ತಿದ್ದ ಹೊತ್ತು ಅದು. ಮೇ ತಿಂಗಳಲ್ಲಿ ಅಂಗಡಿಯ ಫೋನ್ ರಾತ್ರಿ ಎಷ್ಟು ಹೊತ್ತಾದರೂ ನಿಲ್ಲುತ್ತಿರಲಿಲ್ಲ. ಆಕ್ಸಿಮೀಟರ್ ಇದೆಯಾ, ರೆಮ್‌ಡೆಸಿವಿರ್ ಎಲ್ಲಾದರೂ ಸಿಗುತ್ತಾ, ಸಿಲಿಂಡರ್ ಯಾರ ಹತ್ತಿರ ಇದೆ. ಅಳುತ್ತ ಕೇಳುವವರು, ಬೈಯುತ್ತ ಕೇಳುವವರು. ನಮ್ಮ ಕಾಕಾನ ಮಗನಿಗೆ ಆಗ 43 ವರ್ಷ. ವಡಗಾಂವಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡಿದ್ದ. 45 ದಾಟಿದವರಿಗೆ ಏಪ್ರಿಲ್ 1ರಿಂದ ಲಸಿಕೆ ಶುರುವಾಗಿತ್ತು, ಅವನಿಗೆ ವಯಸ್ಸು ಸಾಲಲಿಲ್ಲ. ಮೇ ತಿಂಗಳಲ್ಲಿ 18 ದಾಟಿದವರಿಗೆ ಅಂತ ಶುರುಮಾಡಿದರು. ಡೋಸ್ ಸಾಲದೆ ನಮ್ಮ ರಾಜ್ಯದಲ್ಲಿ ಕೆಲವೇ ದಿನಕ್ಕೆ ಅದೂ ನಿಂತಿತು. ಕೋವಿನ್‌ನಲ್ಲಿ ಸ್ಲಾಟ್ ಬಂದ ಕೂಡಲೇ ಹಸಿರು ಬಣ್ಣ ಕಾಣುತ್ತಿತ್ತು, ಒತ್ತುವಷ್ಟರಲ್ಲಿ ಹೋಗಿರುತ್ತಿತ್ತು. ಅವನಿಗೆ ಸಿಗಲೇ ಇಲ್ಲ. ಜ್ವರ ಬಂತು, ದಮ್ಮು ಹತ್ತಿತು, ಬೆಡ್ ಸಿಗುವಷ್ಟರಲ್ಲಿ ಆಕ್ಸಿಜನ್ ಎಪ್ಪತ್ತಕ್ಕೆ ಇಳಿದಿತ್ತು. ಆ ತಿಂಗಳ ಕೊನೆಗೆ ಹೋಗಿಬಿಟ್ಟ. ಅವನ ಮಗಳು ಈಗ ಪಿಯುಸಿ ಓದುತ್ತಿದ್ದಾಳೆ.

ನಮ್ಮ ಅವ್ವನಿಗೆ ಆ ಹೊತ್ತಿಗೆ ಎರಡೂ ಡೋಸ್ ಆಗಿತ್ತು. 60 ದಾಟಿದವರಿಗೆ 2021ರ ಮಾರ್ಚ್ 1ರಿಂದ ಕೊಡಲು ಶುರುಮಾಡಿದ್ದರಲ್ಲ, ಮೊದಲ ವಾರಗಳಲ್ಲೇ ಕರೆದುಕೊಂಡು ಹೋಗಿದ್ದೆ. 2022ರ ಜನವರಿಯಲ್ಲಿ ಒಮೈಕ್ರಾನ್ ಬಂದಾಗ ನಮ್ಮ ಮನೆಯಲ್ಲಿ ಯಾರನ್ನೂ ಬಿಡಲಿಲ್ಲ. ಅವ್ವನಿಗೂ ಬಂತು. ಆಗಲೇ ಎಪ್ಪತ್ತೈದು ದಾಟಿತ್ತು, ಶುಗರ್ ಇತ್ತು, ಹೃದಯಕ್ಕೆ ಸ್ಟೆಂಟ್ ಹಾಕಿಸಿತ್ತು. ಎರಡು ಮೂರು ದಿನ ಜ್ವರ, ಒಂದಿಷ್ಟು ಕೆಮ್ಮು, ಅಷ್ಟೇ. ಮನೆಯಲ್ಲೇ ಗಂಜಿ ಕುಡಿದು ಎದ್ದು ಕೂತಳು. ಒಮೈಕ್ರಾನ್ ಸ್ವಲ್ಪ ಸೌಮ್ಯ ಇತ್ತು ಅನ್ನುವುದೂ ನಿಜ. ಆದರೆ ಅಷ್ಟು ಸುಲಭಕ್ಕೆ ಪಾರಾಗಿದ್ದರಲ್ಲಿ ಆ ಎರಡು ಡೋಸ್‌ನ ಪಾಲು ದೊಡ್ಡದು ಅಂತ ನಾನು ನಂಬಿದ್ದೇನೆ.

ಮೂರನೇ ಡೋಸ್ ಅವಳಿಗೆ ಸ್ವಲ್ಪ ತಡ ಆಯಿತು. ಬೇರೆ ಕಾಯಿಲೆ ಇರುವ ಹಿರಿಯರಿಗೆ 2022ರ ಜನವರಿ 10ರಿಂದಲೇ ಮುನ್ನೆಚ್ಚರಿಕೆ ಡೋಸ್ ಇತ್ತು, ಬೂಸ್ಟರ್‌ಗೆ ನಮ್ಮ ಸರ್ಕಾರ ಇಟ್ಟ ಹೆಸರು ಅದು. ಆದರೆ ಕೋವಿಡ್ ಬಂದು ಹೋದವರು ಗುಣವಾಗಿ ಮೂರು ತಿಂಗಳು ಬಿಟ್ಟು ಬರಬೇಕು ಅಂತ ನಿಯಮ. ಹಾಗಾಗಿ ಬೇಸಿಗೆಯಲ್ಲಿ ಹೋದೆವು. ಆರೋಗ್ಯ ಕೇಂದ್ರದಲ್ಲಿ ನಮ್ಮನ್ನು ಬಿಟ್ಟರೆ ಇನ್ನಿಬ್ಬರು ಮುದುಕರು. ಒಂದು ವರ್ಷದ ಹಿಂದೆ ಟೋಕನ್‌ಗೆ ಜಗಳ ಆಡಿದ ಅದೇ ಕಟ್ಟೆ ಖಾಲಿ ಇತ್ತು. ಕೋವಿಶೀಲ್ಡ್‌ನ ಒಂದು ಬಾಟಲಿಯಲ್ಲಿ ಹತ್ತು ಡೋಸ್. ಒಮ್ಮೆ ಸೂಜಿ ಚುಚ್ಚಿ ತೆಗೆದರೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದಿದ್ದು ಚೆಲ್ಲಬೇಕು. ಅದಕ್ಕೇ ಸಿಸ್ಟರ್, "ಇನ್ನೊಂದ್ ನಾಲ್ಕೈದು ಮಂದಿ ಆಗ್ಲಿ ಅಜ್ಜಿ, ಬಾಟ್ಲಿ ಒಡೀತೀನಿ" ಅಂತ ಕೂರಿಸಿದರು. ಆಶಾ ಕಾರ್ಯಕರ್ತೆ ಹೊರಗೆ ಹೋಗಿ ಓಣಿಯಲ್ಲಿ ಮನೆಮನೆ ಬಾಗಿಲು ಬಡಿದು ಮೂರು ಜನರನ್ನು ಕರೆತಂದರು. ಆಮೇಲೆ ನೀಲಿ ಡಬ್ಬಿಯ ಮುಚ್ಚಳ ತೆಗೆದು, ಐಸ್ ಪ್ಯಾಕ್ ನಡುವಿನಿಂದ ಬಾಟಲಿ ಹೊರಗೆ ಬಂತು. ಅವ್ವ ಇಳಕಲ್ ಸೀರೆಯ ಸೆರಗು ಸರಿಸಿ, ಬಿಗಿ ಕುಪ್ಪಸದ ತೋಳು ಮೇಲೆ ಎಳೆದುಕೊಂಡಳು. ಅಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಅಗಲದ, ಒಳಗೆ ತಗ್ಗಾದ ಹಳೇ ಗುರುತು. ಗೋಕಾಕ ತಾಲ್ಲೂಕಿನ ತವರಲ್ಲಿ ಸಣ್ಣವಳಿದ್ದಾಗ ಹಾಕಿದ ಸಿಡುಬಿನ ಲಸಿಕೆಯದು. ಆ ಲಸಿಕೆ ಇದೇ ಊರಿನ ಡಿಪೋದಿಂದಲೇ ಹೋಗಿರಬಹುದು. ಸಿಸ್ಟರ್ ಆ ಗುರುತನ್ನು ಬಿಟ್ಟು ಒಂದು ಬೆರಳು ಕೆಳಗೆ ಸ್ಪಿರಿಟ್ ಹಚ್ಚಿ ಚುಚ್ಚಿದರು.

ಹೊರಗೆ ಬಂದ ಮೇಲೆ ಅವ್ವ ಕೇಳಿದಳು. "ಇದ ಕಡೀದೇನಪಾ, ಇಲ್ಲಾ ವರ್ಷಾ ಬರಬೇಕೇನು? ಆ ಸಿಡುಬಿಂದು ಒಂದ ಸರ್ತಿ ಹಾಕಿದ್ರ ಮುಗೀತಿತ್ತಲ್ಲ."

ಇದೇ ಸರಿಯಾದ ಪ್ರಶ್ನೆ. ಡಾಕ್ಟರ್‌ಗಳೂ ಇದನ್ನೇ ಕೇಳುತ್ತಾರೆ.

ಸಿಡುಬಿನ ವೈರಸ್ ಬದಲಾಗುವುದು ತೀರಾ ನಿಧಾನ. ಕೊರೊನಾ ಹಾಗಲ್ಲ. ನಾವು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡೂ 2020ರ ಮೂಲ ವೈರಸ್‌ಗೆ ತಕ್ಕಂತೆ ಮಾಡಿದವು. ಒಮೈಕ್ರಾನ್ ಬರುವ ಹೊತ್ತಿಗೆ ವೈರಸ್‌ನ ಮುಳ್ಳುಗಳ ರೂಪವೇ ಬದಲಾಗಿತ್ತು. ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ಕೆಲವು ತಿಂಗಳಲ್ಲಿ ಕಡಿಮೆ ಆಗುತ್ತವೆ. ಹಾಗಾಗಿ ಸೋಂಕು ತಗಲುವುದನ್ನೇ ತಡೆಯುವ ಶಕ್ತಿ ಬೇಗ ಇಳಿಯುತ್ತದೆ. ಆದರೆ ದೇಹಕ್ಕೆ ನೆನಪು ಅಂತ ಒಂದು ಇದೆ. ಒಮ್ಮೆ ನೋಡಿದ ವೈರಿಯನ್ನು ಗುರುತು ಹಿಡಿಯುವ ಕೋಶಗಳು ಬಹಳ ಕಾಲ ಉಳಿಯುತ್ತವೆ. ರೋಗ ಬಂದರೂ ಅದು ಶ್ವಾಸಕೋಶಕ್ಕೆ ಇಳಿದು ಐಸಿಯು ತನಕ ಹೋಗದಂತೆ ತಡೆಯುವುದು ಹೆಚ್ಚಾಗಿ ಅವೇ. ಆರೋಗ್ಯವಂತ ಹುಡುಗನಲ್ಲಿ ಆ ನೆನಪು ಗಟ್ಟಿ. ಎಂಬತ್ತರ ಹತ್ತಿರ ಇರುವ ಅಜ್ಜಿಯಲ್ಲಿ ಅಷ್ಟು ಗಟ್ಟಿ ಇರುವುದಿಲ್ಲ. ಕಿಡ್ನಿ ಕಸಿ ಆಗಿ ಟ್ಯಾಕ್ರೋಲಿಮಸ್ ತಗೊಳ್ಳುವವರಲ್ಲಿ ಇನ್ನೂ ಕಡಿಮೆ.

ಇನ್ನೊಂದು ಸಂಗತಿ. 2021ರ ಜೂನ್-ಜುಲೈನಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಸಮೀಕ್ಷೆಯಲ್ಲಿ 67.6 ಶೇಕಡಾ ಜನರ ರಕ್ತದಲ್ಲಿ ಪ್ರತಿಕಾಯ ಸಿಕ್ಕಿತ್ತು. ಅದಾದ ಮೇಲೆ ಒಮೈಕ್ರಾನ್ ಬಂತು, ದೇಶದಲ್ಲಿ 220 ಕೋಟಿಗೂ ಹೆಚ್ಚು ಡೋಸ್ ಹಾಕಿದರು. ಅಂದರೆ ನಮ್ಮಲ್ಲಿ ಬಹುತೇಕ ಎಲ್ಲರೂ ವೈರಸ್ ಅನ್ನೂ ನೋಡಿದ್ದಾರೆ, ಲಸಿಕೆಯನ್ನೂ ನೋಡಿದ್ದಾರೆ. 2021ರ ಮೇ ತಿಂಗಳ ಲೆಕ್ಕ ಈಗ ನಡೆಯುವುದಿಲ್ಲ. ನಮ್ಮ ಕಾಕಾನ ಮಗನಿಗೆ ಆಗ ಒಂದು ಡೋಸ್ ಸಿಕ್ಕಿದ್ದರೆ ಅದು ಜೀವ ಉಳಿಸಬಹುದಾಗಿದ್ದ ಡೋಸ್. ಅದೇ ಒಂದು ಡೋಸ್ ಇವತ್ತು ಆ ಕ್ರಿಕೆಟ್ ಹುಡುಗನಿಗೆ ಮಾಡುವ ಉಪಕಾರ ಬಹಳ ಸಣ್ಣದು.

ಇದನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಲಸಿಕೆ ತಜ್ಞರೂ 2023ರ ಮಾರ್ಚ್‌ನಲ್ಲಿ ಹೇಳಿದರು. ವಯಸ್ಸಾದವರು, ಶುಗರ್ ಮತ್ತು ಹೃದಯದ ಕಾಯಿಲೆಯಂಥವು ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು, ಗರ್ಭಿಣಿಯರು, ಮುಂಚೂಣಿಯ ಆರೋಗ್ಯ ಸಿಬ್ಬಂದಿ, ಇವರು ಮೊದಲ ಗುಂಪು. ಇವರಿಗೆ ಕೊನೆಯ ಡೋಸ್ ಆಗಿ 6 ಅಥವಾ 12 ತಿಂಗಳಿಗೆ ಇನ್ನೊಂದು ಬೂಸ್ಟರ್ ಅಂದರು. ಆರೋಗ್ಯವಾಗಿರುವ ಉಳಿದ ವಯಸ್ಕರಿಗೆ ಮೊದಲ ಬೂಸ್ಟರ್ ಆದ ಮೇಲೆ ಮತ್ತೆ ಮತ್ತೆ ಹಾಕಿಸಲು ರೂಢಿಯಾಗಿ ಹೇಳುವುದಿಲ್ಲ ಅಂದರು. ಅಪಾಯ ಅಂತಲ್ಲ, ಲಾಭ ಕಡಿಮೆ ಅಂತ. ನನ್ನ ಹೆಂಡತಿಯ ಸೋದರಮಾವ ಇಂಗ್ಲೆಂಡಿನಲ್ಲಿದ್ದಾರೆ, 77 ವರ್ಷ. ಅವರಿಗೆ ಅಲ್ಲಿನ ಸರ್ಕಾರವೇ ಕರೆದು ಹೊಸ ತಳಿಗೆ ತಕ್ಕ ಲಸಿಕೆ ಹಾಕುತ್ತದೆ. ಅದೇ ಮನೆಯಲ್ಲಿರುವ ಮಗನಿಗೆ ಐವತ್ತರ ಹತ್ತಿರ ವಯಸ್ಸು, ಗಟ್ಟಿಮುಟ್ಟಾಗಿದ್ದಾನೆ, ಅವನಿಗೆ ಕರೆ ಬರುವುದಿಲ್ಲ. "ವಿದೇಶದಾಗ ಎಲ್ಲಾರೂ ಹಾಕಿಸ್ಕೊಳ್ಳಾಕತ್ತಾರ" ಅನ್ನುವವರಿಗೂ, "ವಿದೇಶದಾಗ ಎಲ್ಲಾ ಬಂದ್ ಮಾಡ್ಯಾರ" ಅನ್ನುವವರಿಗೂ ನಾನು ಇವರ ಮನೆಯ ಕಥೆ ಹೇಳುತ್ತೇನೆ.

ಇನ್ನು ಭಯದ ಮಾತು. ಇದನ್ನು ಹಾರಿಸಿ ಹೋಗಲಾರೆ, ಯಾಕೆಂದರೆ ನನ್ನ ಕೌಂಟರ್‌ಗೆ ಬರುವ ಜನ ನಿಜವಾಗಿಯೂ ಹೆದರಿದ್ದಾರೆ. ಅವರನ್ನು ದಡ್ಡರು ಅಂತ ತಳ್ಳಿಹಾಕುವುದು ಸರಿಯಲ್ಲ.

2024ರ ಏಪ್ರಿಲ್ ಕೊನೆಗೆ ಒಂದು ಸುದ್ದಿ ಬಂತು. ಕೋವಿಶೀಲ್ಡ್‌ನ ಮೂಲ ಕಂಪನಿ ಆಸ್ಟ್ರಾಜೆನೆಕಾ, ತನ್ನ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದು ಅಂತ ಬ್ರಿಟನ್ ಕೋರ್ಟ್‌ನ ಕಾಗದದಲ್ಲಿ ಒಪ್ಪಿಕೊಂಡಿದೆ ಅಂತ. ಮಾರನೇ ದಿನವೇ ಒಬ್ಬ ನೇಕಾರ ಹಿರಿಯರು ಬಂದು, "ರಕ್ತಾ ತೆಳ್ಳಗ ಮಾಡೂ ಗುಳಗಿ ಕೊಡ್ರಿ" ಅಂದರು. ಕೈ ನಡುಗುತ್ತಿತ್ತು. ಕೂರಿಸಿ ನೀರು ಕೊಟ್ಟು ಹೇಳಿದೆ. ಆ ತೊಂದರೆ ಇರುವುದು ನಿಜ, 2021ರಿಂದಲೇ ಗೊತ್ತಿರುವ ವಿಷಯ. ಹೆಚ್ಚಾಗಿ ಮೊದಲ ಡೋಸ್ ಆದ ಮೇಲೆ, ಅದೂ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುವಂಥದ್ದು. ನೀವು ಹಾಕಿಸಿಕೊಂಡು ಮೂರು ವರ್ಷ ಆಯಿತು. ಈಗ ಸುಮ್ನೆ ಗುಳಿಗೆ ನುಂಗಿದರೆ ಹೊಟ್ಟೆಯಲ್ಲಿ ರಕ್ತ ಸೋರಿದರೆ ಅದೇ ದೊಡ್ಡ ತೊಂದರೆ. ಅವರು ಗುಳಿಗೆ ತಗೊಳ್ಳದೆ ಮನೆಗೆ ಹೋದರು. ನನಗೂ ಸಮಾಧಾನ ಆಯಿತು.

ಆಮೇಲೆ 2025ರಲ್ಲಿ ಹಾಸನದ ಸಾವುಗಳು. ಒಂದೂವರೆ ತಿಂಗಳಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು, ಅದರಲ್ಲಿ ಸಣ್ಣ ವಯಸ್ಸಿನವರೂ ಇದ್ದರು ಅಂತ ದಿನವೂ ಟಿವಿಯಲ್ಲಿ. ಲಸಿಕೆಯೇ ಕಾರಣ ಇರಬಹುದಾ ಅಂತ ದೊಡ್ಡವರೇ ಮಾತಾಡಿದ ಮೇಲೆ ಜನಕ್ಕೆ ಹೇಗೆ ಧೈರ್ಯ ಬರುತ್ತೆ? ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಆ ಸಾವುಗಳಿಗೂ ಕೋವಿಡ್ ಲಸಿಕೆಗೂ ನಂಟು ಕಾಣಲಿಲ್ಲ ಅಂತ ಅದರಲ್ಲಿತ್ತು. ಅದಕ್ಕೂ ಮೊದಲೇ, 2023ರಲ್ಲಿ, ಐಸಿಎಂಆರ್ 47 ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ಮಾಡಿತ್ತು. ಹದಿನೆಂಟರಿಂದ ನಲವತ್ತೈದು ವರ್ಷದ, ಚೆನ್ನಾಗಿದ್ದು ಇದ್ದಕ್ಕಿದ್ದಂತೆ ಸತ್ತವರ ಬಗ್ಗೆ. ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಅಂಥ ಸಾವಿನ ಸಂಭವ ಕಡಿಮೆಯೇ ಕಂಡಿತು. ಜಾಸ್ತಿ ಕಂಡಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಆದವರಲ್ಲಿ, ಸಾಯುವ ಎರಡು ದಿನದೊಳಗೆ ವಿಪರೀತ ಕುಡಿದವರಲ್ಲಿ, ವಿಪರೀತ ದೇಹ ದಂಡಿಸಿದವರಲ್ಲಿ.

ವಾಟ್ಸಾಪ್‌ನಲ್ಲಿ ಇನ್ನೊಂದು ಬರುತ್ತದೆ, ಅಮೆರಿಕದ ಹುಡುಗರಿಗೆ ಹೃದಯದ ಉರಿಯೂತ ಆಯಿತು ಅಂತ. ಅದು ಅಪರೂಪಕ್ಕೆ ಆಗಿದ್ದು ನಿಜ, ಫೈಜರ್ ಮತ್ತು ಮಾಡರ್ನಾ ಲಸಿಕೆಗಳಲ್ಲಿ. ನಮ್ಮ ದೇಶದ ಲಸಿಕೆ ಅಭಿಯಾನದಲ್ಲಿ ಆ ಎರಡನ್ನೂ ಹಾಕಿಲ್ಲ. ಕಳಿಸುವವರು ಅದನ್ನು ಹೇಳುವುದಿಲ್ಲ.

ಈಗ ನಮ್ಮ ಮನೆಯ ತೀರ್ಮಾನ.

ಮಗಳಿಗೆ 24 ವರ್ಷ, ಪುಣೆಯಲ್ಲಿ ಕೆಲಸ. ಎರಡು ಡೋಸ್ ಆಗಿದೆ, ಎರಡು ಸಲ ಕೋವಿಡ್ ಬಂದು ಹೋಗಿದೆ. "ಪಪ್ಪಾ, ಇನ್ನೊಂದ್ ಬೇಕೇನು?" ಅಂತ ಕೇಳಿದಳು. ಬೇಡ ಅಂದೆ. ಜ್ವರ ಬಂದಾಗ ಅಜ್ಜಿಯನ್ನು ನೋಡಲು ಬರಬೇಡ, ಅಷ್ಟು ಮಾಡು ಅಂದೆ. ಅವಳದು ಅಲ್ಲಿಗೆ ಮುಗಿಯಿತು.

ನನ್ನದೂ ಹೆಚ್ಚು ಕಷ್ಟ ಇಲ್ಲ. 2022ರ ಜುಲೈ 15ರಿಂದ 75 ದಿನ ಎಲ್ಲ ವಯಸ್ಕರಿಗೂ ಬೂಸ್ಟರ್ ಪುಕ್ಕಟೆ ಮಾಡಿದ್ದರಲ್ಲ, ಆಗ ಹಾಕಿಸಿಕೊಂಡೆ. ಅದಕ್ಕೂ ಮೊದಲು ಖಾಸಗಿಯಲ್ಲಿ 386 ರೂಪಾಯಿ ಬೀಳುತ್ತಿತ್ತು. ನನಗೆ ಶುಗರ್ ಇಲ್ಲ, ಬಿಪಿ ಇಲ್ಲ. ಒಂದೇ ಯೋಚನೆ ಇದ್ದದ್ದು, ದಿನವೂ ಕೆಮ್ಮುವವರ ಎದುರು ನಿಲ್ಲುವವನು ನಾನು, ನನ್ನಿಂದ ಅವ್ವನಿಗೆ ಹೋದರೆ? ಆದರೆ ಹರಡುವುದನ್ನು ತಡೆಯುವ ಶಕ್ತಿ ಕೆಲವು ತಿಂಗಳದ್ದೇ ಅಂದಮೇಲೆ, ಅದಕ್ಕಾಗಿ ವರ್ಷವರ್ಷ ಚುಚ್ಚಿಸಿಕೊಳ್ಳುವುದಕ್ಕಿಂತ ಕೋವಿಡ್ ಏರಿದ ವಾರಗಳಲ್ಲಿ ಕೌಂಟರ್‌ನಲ್ಲಿ ಮಾಸ್ಕ್ ಹಾಕುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಹಾಗೇ ಮಾಡುತ್ತಿದ್ದೇನೆ. ಅರವತ್ತು ದಾಟಿದ ಮೇಲೆ ಮತ್ತೆ ಯೋಚನೆ ಮಾಡುತ್ತೇನೆ.

ನನ್ನ ಹೆಂಡತಿಯದು ಕಷ್ಟದ ಲೆಕ್ಕ. 48 ವರ್ಷ, ಕೆಲವು ವರ್ಷಗಳಿಂದ ಶುಗರ್. ವಯಸ್ಸಿನಿಂದ ನೋಡಿದರೆ ಬೇಡ, ಕಾಯಿಲೆಯಿಂದ ನೋಡಿದರೆ ಬೇಕು. ಹಿಂದಿನ ಸಲ ಅವಳಿಗೆ ಚೆನ್ನಾಗಿಯೇ ಜ್ವರ ಬಂದಿತ್ತು, ತೋಳು ಊದಿ ರೊಟ್ಟಿ ಬಡಿಯಲು ಆಗಿರಲಿಲ್ಲ. ನಾನು ಓದಿದ್ದೆಲ್ಲ ಅವಳ ಮುಂದೆ ಇಟ್ಟೆ. ಪೂರ್ತಿ ಕೇಳಿ, "ಕೈ ನಂದು, ನಾ ಡಾಕ್ಟರ್ ಹತ್ರ ಕೇಳಿ ಹೇಳ್ತೀನ್ರಿ" ಅಂದಳು. ಸರಿಯಾದ ಮಾತು. ಡಾಕ್ಟರ್ ಅವಳ ಮೂರು ತಿಂಗಳ ಶುಗರ್ ರಿಪೋರ್ಟ್ ನೋಡಿ, ಕಿಡ್ನಿ ಹೇಗಿದೆ ನೋಡಿ, ಸದ್ಯ ಅವಸರ ಇಲ್ಲ, ಮೊದಲು ಶುಗರ್ ಕೈಗೆ ತರೋಣ ಅಂದರು. ಕಂಟ್ರೋಲ್ ತಪ್ಪಿದ ಶುಗರ್ ಇದ್ದವರಿಗೇ ಎರಡನೇ ಅಲೆಯಲ್ಲಿ ಹೆಚ್ಚು ಕಷ್ಟ ಆಗಿದ್ದು. ಹಾಗಾಗಿ ಅವಳು ಈಗ ಸಂಜೆ ತಪ್ಪದೆ ನಡೆಯುತ್ತಾಳೆ. ಲಸಿಕೆ ಬೇಡ ಅಂತ ಬಾಗಿಲು ಹಾಕಿಲ್ಲ, ಮುಂದಿನ ರಿಪೋರ್ಟ್ ನೋಡಿ ಮತ್ತೆ ಕೇಳುತ್ತಾಳೆ.

ಅವ್ವನಿಗೆ ಮಾತ್ರ ಬೇಕು ಅಂತ ನನ್ನ ಮನಸ್ಸು ಗಟ್ಟಿ ಇದೆ. ಎಂಬತ್ತರ ಹತ್ತಿರ, ಶುಗರ್, ಸ್ಟೆಂಟ್, ಹಿಂದಿನ ಡೋಸ್ ಆಗಿ ವರ್ಷಗಳೇ ಕಳೆದಿವೆ. ಮೊದಲ ಗುಂಪಿನಲ್ಲೂ ಮೊದಲನೆಯವಳು. ಆದರೆ ಎಲ್ಲಿಂದ ತರೋದು? ಕೋವಿಶೀಲ್ಡ್ ತಯಾರಿಕೆಯನ್ನು ಸೀರಂ ಸಂಸ್ಥೆ 2021ರ ಕೊನೆಗೇ ನಿಲ್ಲಿಸಿತ್ತು. ಮೂಗಿಗೆ ಹಾಕುವ ಇನ್‌ಕೋವ್ಯಾಕ್ 2023ರ ಜನವರಿ 26ರಂದು ಬಿಡುಗಡೆ ಆಯಿತು. ಪುಣೆಯ ಜೆನೋವಾ ಕಂಪನಿಯ ಒಮೈಕ್ರಾನ್ ಲಸಿಕೆ ಅದೇ ವರ್ಷ ಜೂನ್‌ನಲ್ಲಿ ಬಂತು. 2025ರ ಜೂನ್‌ನಲ್ಲಿ ನಮ್ಮ ಸ್ಟಾಕಿಸ್ಟ್‌ಗಳನ್ನು ಒಬ್ಬೊಬ್ಬರನ್ನೇ ಕೇಳಿದೆ. ಯಾರ ಹತ್ತಿರವೂ ಮಾಲು ಇರಲಿಲ್ಲ. "ಕೇಳೋವ್ರ ಇಲ್ರಿ, ತಂದು ಫ್ರಿಜ್‌ನಾಗ ಇಟ್ಟು ಎಕ್ಸ್‌ಪೈರಿ ಮಾಡೋದೇನು?" ಅಂದರು. ಅವರ ವ್ಯಾಪಾರದ ಕಷ್ಟ ನನಗೂ ಗೊತ್ತು. 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಕರೆಂಟ್ ಹೋದರೆ ಎದೆ ಢವಗುಟ್ಟುತ್ತದೆ. ಆದರೂ ಒಂದು ಮಾತು ಹೇಳುತ್ತೇನೆ. ಎಲ್ಲರಿಗೂ ಬೇಡ ಅಂದ ಕೂಡಲೇ ಯಾರಿಗೂ ಸಿಗದಂತೆ ಆಗಬಾರದು. ನಮ್ಮ ಅವ್ವನಂಥವರು, ಕಿಡ್ನಿ ಕಸಿಯವರು, ಕೀಮೋ ನಡೆದವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಅವರಿಗಾಗಿ ಜಿಲ್ಲೆಗೆ ಒಂದು ಕಡೆಯಾದರೂ ಹೊಸ ತಳಿಗೆ ತಕ್ಕ ಲಸಿಕೆ ಇಡಬೇಕು. ಇದನ್ನು ಕೇಳಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಅರ್ಜಿ ಬರೆಯುತ್ತಿದ್ದೇನೆ. ನಮ್ಮ ಓಣಿಯ ಹಿರಿಯರ ಸಹಿಯನ್ನೂ ಹಾಕಿಸುತ್ತೇನೆ.

ಅಲ್ಲಿಯ ತನಕ ಸುಮ್ಮನೆ ಕೂತಿಲ್ಲ. ಅವ್ವನ ಡಾಕ್ಟರ್ ಹೇಳಿದ ಮಾತು ನನಗೆ ಹಿಡಿಸಿತು. ಹಳೇ ಲಸಿಕೆ ಹುಡುಕಿಕೊಂಡು ಊರೂರು ಅಲೆಯಬೇಡಿ, ಸಿಗುವ ಎರಡನ್ನು ಮೊದಲು ಹಾಕಿಸಿ ಅಂದರು. ಒಂದು ಫ್ಲೂ ಲಸಿಕೆ. ಅದರ ತಳಿಗಳನ್ನು ವರ್ಷವರ್ಷ ಬದಲಿಸುತ್ತಾರೆ, ಹಾಗಾಗಿ ವರ್ಷಕ್ಕೊಮ್ಮೆ. ಬೆಳಗಾವಿಯ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಮನೆಯೆಲ್ಲ ತಂಪು, ಮನೆಮಂದಿಗೆಲ್ಲ ನೆಗಡಿ. ಅದಕ್ಕೂ ಮೊದಲೇ ಮೇ ತಿಂಗಳಲ್ಲಿ ಹಾಕಿಸಿದೆವು. ಇನ್ನೊಂದು ನ್ಯುಮೋನಿಯಾದ್ದು, ಅದು ವರ್ಷವರ್ಷ ಬೇಕಿಲ್ಲ. ಎರಡಕ್ಕೂ ದುಡ್ಡು ಬೀಳುತ್ತದೆ, ಸರ್ಕಾರಿ ದವಾಖಾನೆಯಲ್ಲಿ ಹಿರಿಯರಿಗೆ ಪುಕ್ಕಟೆ ಸಿಗುವುದಿಲ್ಲ. ಆದರೆ ನ್ಯುಮೋನಿಯಾ ಆಗಿ ನಾಲ್ಕು ದಿನ ಐಸಿಯು ಸೇರಿದರೆ ಆಗುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಅವ್ವನ ಫೈಲ್‌ನಲ್ಲಿ ಕೋವಿನ್ ಸರ್ಟಿಫಿಕೇಟ್‌ನ ಪ್ರಿಂಟ್, ಕೋವಿಡ್ ಬಂದುಹೋದ ತಿಂಗಳು, ಫ್ಲೂ ಲಸಿಕೆಯ ತಾರೀಕು, ನಡೆದಿರುವ ಗುಳಿಗೆಗಳ ಪಟ್ಟಿ ಎಲ್ಲ ಒಂದೇ ಕಡೆ ಇಟ್ಟಿದ್ದೇನೆ. ಡಾಕ್ಟರ್ ಒಂದು ನೋಟಕ್ಕೆ ನೋಡಿ ಹೇಳುತ್ತಾರೆ. ನೀವೂ ಮನೆಯ ಹಿರಿಯರದ್ದು ಹಾಗೆ ಜೋಡಿಸಿ ಇಡಿ. ಶಹಾಪುರದ ಕಡೆ ಬಂದರೆ ಆ ಕಾಗದಗಳನ್ನು ತಂದು ತೋರಿಸಿ. ಬೂಸ್ಟರ್ ಬೇಕೋ ಬೇಡವೋ ಅಂತ ನಾನು ಹೇಳುವುದಿಲ್ಲ, ನಿಮ್ಮ ಡಾಕ್ಟರ್ ಹತ್ತಿರ ಏನೇನು ಕೇಳಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಡುತ್ತೇನೆ. ಮಧ್ಯಾಹ್ನ ಮೂರರಿಂದ ಐದರ ತನಕ ಗದ್ದಲ ಕಡಿಮೆ, ಆ ಹೊತ್ತಿಗೆ ಬಂದರೆ ಕೂತು ಮಾತಾಡಬಹುದು.